ಹಲಸಿನ ಹಲಗೆ ಮಳೆಗಾಲ ದಾಟುವುದು ಹೇಗೆ?

ಪ್ರಶ್ನೆ: ಹಿತ್ತಲಿನ ಹಳೆಯ ಹಲಸು ಗಾಳಿಗೆ ಬಿತ್ತು. ಮಗಳ ವೀಣೆಗೆಂದು ಕೊಯ್ಸಿಟ್ಟಿದ್ದೇನೆ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಡಲೇ, ಪ್ಲಾಸ್ಟಿಕ್ ಸುತ್ತಿಡಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಎರಡೂ ಬೇಡಮ್ಮ. ಒಲೆಯ ಬಿಸಿಗೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ಹಸಿ ಹಾಗೇ ಇರುತ್ತದೆ. ಆ ಎಳೆದಾಟದಲ್ಲಿ ಮರ ಸೀಳುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಬೂಷ್ಟು ಖಂಡಿತ.

ನೀರು ಬೇಗ ಹೊರಡುವುದು ಕೊಯ್ದ ತುದಿಗಳಿಂದ. ಇವತ್ತೇ ಎರಡೂ ತುದಿಗೆ ಕರಗಿಸಿದ ಮೇಣ ದಪ್ಪಗೆ ಬಳಿಯಿರಿ. ಮನೆಯಲ್ಲುಳಿದ ಎನಾಮೆಲ್ ಪೇಂಟೂ ಆದೀತು. ಉದ್ದದ ಮೈಗೆ ಏನೂ ಹಚ್ಚಬೇಡಿ. ನಡುವಿನ ತಿರುಳು ಉಳಿದ ತುಂಡು ಸೀಳದೆ ಬಿಡುವುದು ಅಪರೂಪ, ಅದನ್ನು ಕೊಯ್ಸಿ ತೆಗೆಸಿ.

ಎರಚಲು ಬೀಳದ ಜಗಲಿಯಲ್ಲಿ, ನೆಲದಿಂದ ಒಂದಡಿ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ. ಹಲಗೆಗಳ ನಡುವೆ ಮುಕ್ಕಾಲು ಇಂಚಿನ ಒಣ ರೀಪು. ರೀಪುಗಳು ಒಂದರ ಮೇಲೊಂದು ನೇರ ಬರಬೇಕು, ಆಚೀಚೆಯಾದರೆ ಹಲಗೆ ಡೊಂಕು. ಮೇಲೆ ಕಲ್ಲು ಹೇರಿ.

ವೀಣೆಯ ಕೊಡಕ್ಕೆ, ಅಂದರೆ ನಾದ ತುಂಬುವ ದುಂಡನೆಯ ಟೊಳ್ಳು ಭಾಗಕ್ಕೆ, ಇಟ್ಟ ತುಂಡಿನದು ಬೇರೆ ಕಥೆ. ಅಷ್ಟು ದಪ್ಪದ್ದು ಹಾಗೇ ಒಣಗಬೇಕೆಂದರೆ ಮಗಳ ಮದುವೆಯೇ ಆಗಿಬಿಡುತ್ತದೆ! ಕೊಡದ ಸುತ್ತಿನ ಗೋಡೆಯನ್ನು ದಪ್ಪಗೆ ಬಿಟ್ಟು ಒಳಗನ್ನು ಒರಟಾಗಿ ತೋಡಿಸಿಟ್ಟರೆ ಬೇಗ ಒಣಗುತ್ತದೆ.

ಒಂದು ಹಲಗೆಯನ್ನು ಆಗಾಗ ತೂಗಿ, ತೂಕ-ತಾರೀಕು ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಆಷಾಢದಲ್ಲಿ ತೂಕ ಏರಿದರೆ ಗಾಬರಿ ಬೇಡ. ಒಣಗಿದ ಮರವೂ ಗಾಳಿಯ ತೇವ ಹೀರುತ್ತದೆ. ಎರಡು ಬೇಸಿಗೆಯ ತೂಕ ಒಂದೇ ಬಂದರೆ ಹದವಾಯಿತೆಂದೇ ಲೆಕ್ಕ. ವೀಣೆ ಮಾಡಿಸಲು ಮೈಸೂರಿಗೆ ಕಳಿಸುವುದಾದರೆ, ಅಲ್ಲಿನ ಒಣ ಹವೆಗೆ ಹೊಂದಲು ಕೆಲವು ವಾರ ಅಲ್ಲೇ ಬಿಡಿ. ಕೊನೆಯ ಕೆತ್ತನೆ ಆಮೇಲೆ.