ಶುಗರ್ ಇಲ್ಲದವರ ತೋಳಿಗೆ ಸೆನ್ಸರ್ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 36 ವರ್ಷ, ಚಿಕ್ಕಮಗಳೂರಿನಲ್ಲಿ ಟೀಚರ್. ನನಗೆ ಶುಗರ್ ಇಲ್ಲ, ಅಪ್ಪನಿಗೆ ಇದೆ. ಫಿಟ್‌ನೆಸ್‌ಗೆ ಒಳ್ಳೇದು ಅಂತ ಬೆಂಗಳೂರಿನ ತಂಗಿ ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ತಂದುಕೊಟ್ಟಳು. ಎರಡು ಅಕ್ಕಿ ರೊಟ್ಟಿ ತಿಂದರೆ 162 ತೋರಿಸಿತು. ಭಾನುವಾರ ಖಾಲಿ ಹೊಟ್ಟೆಯಲ್ಲಿ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತುವಾಗ 148. ಒಂದು ರಾತ್ರಿ ಮೂರು ಗಂಟೆಗೆ 61 ಅಂತ ಅಲಾರಂ. ಹೆದರಿ ರೊಟ್ಟಿ, ಕಡುಬು, ಅನ್ನ ಎಲ್ಲ ಬಿಟ್ಟು ಹತ್ತು ದಿನ ಆಯಿತು. ಶುಗರ್ ಶುರುವಾಗಿದೆಯಾ?

ಉತ್ತರ (ಹಾಸನದ ವೈದ್ಯರಿಂದ): ಮೊದಲು ಆ 61ರ ವಿಷಯ ಮುಗಿಸಿಬಿಡೋಣ. ಅವತ್ತು ಸೆನ್ಸರ್ ಇದ್ದ ತೋಳಿನ ಮೇಲೇ ಮಗ್ಗುಲಾಗಿ ಮಲಗಿದ್ದಿರಿ, ಅಲ್ವಾ? ಈ ಸೆನ್ಸರ್ ರಕ್ತ ಮುಟ್ಟುವುದೇ ಇಲ್ಲ. ಅದರ ಕೂದಲೆಳೆಯಂಥ ತಂತಿ ಚರ್ಮದ ಕೆಳಗಿನ ದ್ರವದಲ್ಲಿರುವ ಗ್ಲೂಕೋಸ್ ನೋಡುತ್ತದೆ. ಮೈಭಾರ ಬಿದ್ದು ಆ ಜಾಗ ಅದುಮಿಕೊಂಡರೆ ಲೆಕ್ಕ ಸುಳ್ಳೇ ಇಳಿಯುತ್ತದೆ. ನಾನೂ ಒಮ್ಮೆ ಹಾಕಿಕೊಂಡು ನೋಡಿದ್ದೆ. ಎರಡು ರಾತ್ರಿ ಹೀಗೇ ಎದ್ದು ಕೂತೆ. ಬೆರಳು ಚುಚ್ಚಿ ನೋಡಿದರೆ 88! ಒಂಬತ್ತನೇ ದಿನ ಬಾಗಿಲ ಚೌಕಟ್ಟಿಗೆ ತಾಗಿ ಸೆನ್ಸರೇ ಕಿತ್ತುಬಂತು, ಅದು ಬೇರೆ ಕಥೆ.

ಇನ್ನೊಂದು, ಸೆನ್ಸರಿನ ಅಂಕಿ ರಕ್ತದ ಅಂಕಿಗಿಂತ ಸಾಮಾನ್ಯವಾಗಿ 5ರಿಂದ 15 ನಿಮಿಷ ಹಿಂದೆ ಇರುತ್ತದೆ. ಗಿರಿ ಮೇಲೆ ಮಳೆ ಬಿದ್ದ ಸ್ವಲ್ಪ ಹೊತ್ತಿಗೆ ಕೆಳಗಿನ ಹಳ್ಳ ಏರುತ್ತದಲ್ಲ, ಹಾಗೆ. ಅಂಟಿಸಿದ ಮೊದಲ ದಿನದ ಅಂಕಿಯನ್ನಂತೂ ನಾನು ನಂಬುವುದಿಲ್ಲ.

ಬೆಟ್ಟದ 148 ಒಳ್ಳೆಯ ಸುದ್ದಿ. ಏದುಸಿರು ಬಿಟ್ಟು ಹತ್ತುವಾಗ ಅಡ್ರಿನಲಿನ್ ಏರುತ್ತದೆ, ಲಿವರ್ ತಾನು ಕೂಡಿಟ್ಟ ಗ್ಲೂಕೋಸನ್ನು ಸ್ನಾಯುಗಳಿಗೆ ಬಿಡುತ್ತದೆ. ಇಳಿದು ಕೂತ ಮೇಲೆ ತಾನಾಗಿ ಕೆಳಗೆ ಬಂದಿರಬೇಕು, ಗ್ರಾಫ್ ನೋಡಿ.

ಈಗ ಪಾಪದ ಅಕ್ಕಿ ರೊಟ್ಟಿ. ಶುಗರ್ ಇಲ್ಲದವರ ಗ್ಲೂಕೋಸ್ ದಿನದ ಬಹುಪಾಲು 70ರಿಂದ 140ರ ಒಳಗೇ ಇರುತ್ತದೆ. ಊಟವಾದ ಮೇಲೆ ಸ್ವಲ್ಪ ಹೊತ್ತು ಮೇಲೆ ಹೋಗಿ ಬರುವುದು ಅವರಲ್ಲೂ ಉಂಟು. 162 ಮುಟ್ಟಿತು ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಇಳಿಯಿತು ಅನ್ನುವುದು ಮುಖ್ಯ. ಎರಡು ಗಂಟೆಯಲ್ಲಿ ಮೊದಲಿನ ಜಾಗಕ್ಕೆ ಬಂತಾ? ಹಾಗಾದರೆ ನಿಮ್ಮ ಇನ್ಸುಲಿನ್ ತನ್ನ ಕೆಲಸ ಮಾಡಿದೆ. ಅದೇ ರೊಟ್ಟಿ ನಾಳೆ 135 ತೋರಿಸಬಹುದು. ನಿದ್ದೆಗೆಟ್ಟ ಮರುದಿನ ಅದಕ್ಕಿಂತ ಜಾಸ್ತಿ ತೋರಿಸಬಹುದು.

ಗ್ರಾಫ್ ಚಪ್ಪಟೆ ಇದ್ದರೆ ಆರೋಗ್ಯ ಅಂತಲೂ ಅಲ್ಲ. ಹುರಿದ ಹಂದಿಮಾಂಸ ಒಂದು ತಟ್ಟೆ ತಿಂದು ನೋಡಿ, ಗೆರೆ ಅಲುಗುವುದಿಲ್ಲ. ಕೊಲೆಸ್ಟ್ರಾಲ್, ಉಪ್ಪು, ಬಿಪಿ ಇದ್ಯಾವುದೂ ಆ ಬಿಲ್ಲೆಗೆ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಸ್ಟೆಲೋ ಎಂಬ ಸೆನ್ಸರನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಲು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಈ ಫಿಟ್‌ನೆಸ್ ಗಾಳಿ ಈಗ ಇಲ್ಲಿಗೂ ಬೀಸುತ್ತಿದೆ. ಆದರೆ ಶುಗರ್ ಇಲ್ಲದವರು ಇದನ್ನು ಹಾಕಿಕೊಂಡರೆ ಮುಂದೆ ಕಾಯಿಲೆ ತಪ್ಪುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಇನ್ಸುಲಿನ್ ತಗೊಳ್ಳುವವರಿಗಾದರೆ ಇದು ನಿಜವಾಗಿ ವರದಾನ.

ನಿಮ್ಮ ಪತ್ರದಲ್ಲಿ ನನ್ನ ಗಮನ ಹೋಗಿದ್ದು ಅಪ್ಪನ ಶುಗರ್ ಕಡೆಗೆ. ಅದು ನಿಮಗೂ ಬಂದಿದೆಯಾ ಅನ್ನುವುದಕ್ಕೆ ಉತ್ತರ ಲ್ಯಾಬಿನಲ್ಲಿದೆ. ಖಾಲಿ ಹೊಟ್ಟೆಯ ಶುಗರ್ 100ರ ಒಳಗಿರಬೇಕು. 126 ಅಥವಾ ಮೇಲಿದ್ದರೆ ಇನ್ನೊಂದು ಸಲ ನೋಡಿ ಖಚಿತ ಮಾಡಿಕೊಳ್ಳುತ್ತೇವೆ. ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ, 5.7ರ ಕೆಳಗಿದ್ದರೆ ಸರಿ, 6.5 ಅಥವಾ ಮೇಲಿದ್ದರೆ ಡಯಾಬಿಟಿಸ್. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತದೆ, ಹಾಗಾಗಿ ಹಿಮೋಗ್ಲೋಬಿನ್ ಕೂಡ ಮಾಡಿಸಿ.

ಅನುಮಾನ ಉಳಿದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಇದೆ. 140ರ ಒಳಗೆ ಬರಬೇಕು. ಇಲ್ಲೇ ಒಂದು ತಮಾಷೆ. ನೀವೀಗ ಅನ್ನ, ರೊಟ್ಟಿ ಬಿಟ್ಟು ಕೂತಿದ್ದೀರಿ. ಹೀಗೇ ಹೋಗಿ ಗ್ಲೂಕೋಸ್ ಕುಡಿದರೆ ದೇಹಕ್ಕೆ ರೂಢಿ ತಪ್ಪಿ, ಇಲ್ಲದ ಶುಗರ್ ಇದ್ದಂತೆ ಕಾಣಬಹುದು. ಪರೀಕ್ಷೆಗೆ ಮೊದಲು ಮೂರು ದಿನವಾದರೂ ಎಂದಿನಂತೆ ಊಟ ಮಾಡಬೇಕು. ಅಂದರೆ ಡಾಕ್ಟರೇ ಹೇಳುತ್ತಿದ್ದಾರೆ, ಕಡುಬು ತಿನ್ನಿ.

ಸೆನ್ಸರ್ ಹದಿನಾಲ್ಕು ದಿನದ್ದಾದರೆ ಇನ್ನೂ ಕೆಲವು ದಿನ ಉಳಿದಿದೆ. ಸುಮ್ನೆ ಬಿಸಾಡಬೇಡಿ. ಒಂದು ದಿನ ಎರಡು ರೊಟ್ಟಿ ಚಟ್ನಿ ಜೊತೆ ತಿಂದು ಕೂತಿರಿ. ಮರುದಿನ ಮೊದಲು ಹುರುಳಿಕಾಯಿ ಪಲ್ಯ, ಒಂದು ಮೊಟ್ಟೆ ತಿಂದು, ಆಮೇಲೆ ಅದೇ ಎರಡು ರೊಟ್ಟಿ, ಆಮೇಲೆ ಹದಿನೈದು ನಿಮಿಷ ನಡಿಗೆ. ಎರಡೂ ಗೆರೆ ಪಕ್ಕಪಕ್ಕ ಇಟ್ಟು ನೋಡಿ. ಅಷ್ಟು ಗೊತ್ತಾದರೆ ಇನ್ನೊಂದು ಸೆನ್ಸರ್ ಕೊಳ್ಳುವ ಅಗತ್ಯ ಇಲ್ಲ. ಕೀಳುವಾಗ ಅಂಚಿಗೆ ಒಂಚೂರು ಕೊಬ್ಬರಿ ಎಣ್ಣೆ ಹಚ್ಚಿ, ಅಂಟು ಸಲೀಸಾಗಿ ಬಿಡುತ್ತದೆ.