ಕಂಬದ ಹಿಂದಿನ ಗುಡುಗು

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ನಾಲ್ಕು ವರ್ಷ. ನಮ್ಮ ಬಡಾವಣೆಯಲ್ಲಿ ಪುಟ್ಟ ಮಕ್ಕಳಿಗೆ ಹಾಡು, ಕುಣಿತದ ಬೇಸಿಗೆ ಶಿಬಿರ ನಡೆಯುತ್ತಿದೆ. ಹತ್ತು ದಿನವೂ ಮಳೆ ಒಂದೇ ವಿಷಯ. ಎಲ್ಲ ಮಕ್ಕಳೂ ಕುಣಿಯುತ್ತಾರೆ, ಇವನು ಮಾತ್ರ ಗೋಡೆಗೆ ಒರಗಿ ನಿಂತಿರುತ್ತಾನೆ. ಬಾಯೇ ಬಿಡುವುದಿಲ್ಲ. ನಾಲ್ಕು ದಿನ ಆಯಿತು. ದುಡ್ಡು ದಂಡ, ಬಿಡಿಸಿಬಿಡು ಅಂತಾರೆ ನಮ್ಮ ಮನೆಯವರು. ಕೊನೇ ದಿನ ಸ್ಟೇಜ್ ಕಾರ್ಯಕ್ರಮ ಬೇರೆ ಇದೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಬಿಡಿಸಬೇಡಿ ತಂಗಿ. ನಾಳೆ ಹೋದಾಗ ಅವನ ಮುಖ ನೋಡಬೇಡಿ, ಕಾಲು ನೋಡಿ.

ಯಾಕೆ ಹೇಳಿದೆ ಅಂದರೆ, ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ನಾನೂ ಪ್ರತಿ ವರ್ಷ ಏಪ್ರಿಲ್ ಕೊನೆಗೆ ಇಂಥದ್ದೇ ಶಿಬಿರ ಮಾಡುತ್ತೇನೆ. ಮೂರರಿಂದ ಆರು ವರ್ಷದ ಹದಿನಾರು ಮಕ್ಕಳು. ಭರಣಿ ಮಳೆ ಬರುವ ಹೊತ್ತು ಅದು, ಹಾಗಾಗಿ ನಮ್ಮದೂ ಜಾಸ್ತಿ ಸಲ ಮಳೆಯೇ. ಎಲ್ಲರೂ ಸುತ್ತ ಕೂತು ಮೈಯಲ್ಲೇ ಮಳೆ ಮಾಡುತ್ತೇವೆ. ಮೊದಲು ಅಂಗೈಗೆ ಅಂಗೈ ಉಜ್ಜುವುದು, ಅದು ಗಾಳಿ. ಆಮೇಲೆ ಒಂದು ಬೆರಳಿಂದ ಅಂಗೈ ಮೇಲೆ ತಟ್ಟುವುದು, ಅದು ಹನಿ. ಎರಡು ಬೆರಳು, ನಾಲ್ಕು ಬೆರಳು, ಆಮೇಲೆ ತೊಡೆ ಮೇಲೆ ಎರಡೂ ಕೈ. ಕಾಲು ನೆಲಕ್ಕೆ ಅಪ್ಪಳಿಸಿದರೆ ಗುಡುಗು. ಅಲ್ಲಿಂದ ಅದೇ ದಾರಿಯಲ್ಲಿ ವಾಪಸ್ಸು. ಕಡೆಗೆ ಹದಿನಾರು ಮಕ್ಕಳು ಒಂದೊಂದೇ ಬೆರಳಲ್ಲಿ ತಟ್ಟುವಾಗ ಮಳೆ ನಿಂತ ಮೇಲೆ ಹಂಚಿನಿಂದ ನೀರು ತೊಟ್ಟಿಕ್ಕಿದ ಹಾಗೇ ಕೇಳುತ್ತದೆ.

ಒಂದು ವರ್ಷ ನಾಲ್ಕು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಬಂದವಳೇ ಕಂಬದ ಹಿಂದೆ ನಿಂತಳು. ಎಷ್ಟು ಕರೆದರೂ ಬರಲಿಲ್ಲ. ಮೂರನೇ ದಿನ ನನ್ನ ಕಣ್ಣಿಗೆ ಬಿದ್ದದ್ದು ಅವಳ ಬಲಗಾಲು. ಗುಡುಗಿನ ಸರದಿ ಬಂದಾಗ ಮಾತ್ರ ಅದು ನೆಲಕ್ಕೆ ಬೀಳುತ್ತಿತ್ತು. ಸುತ್ತ ಕೂತವರು ತಡೆಯಲಾಗದೆ ಮೊದಲೇ ಕಾಲು ಬಡಿದುಬಿಡುತ್ತಿದ್ದರು. ಅವಳದು ಮಾತ್ರ ಸರಿಯಾದ ಹೊತ್ತಿಗೆ ಬೀಳುತ್ತಿತ್ತು. ಮರುದಿನ ಮಕ್ಕಳಿಗೆ, "ಗುಡುಗು ಕಂಬದ ಹಿಂದೆ ಇದೆ. ಅದು ಬರುವ ತನಕ ಯಾರೂ ಕಾಲು ಎತ್ತಬಾರದು" ಅಂದೆ. ಹದಿನೈದು ಮಕ್ಕಳು ಉಸಿರು ಹಿಡಿದು ಕಾದರು. ಅವಳು ಹತ್ತು ದಿನವೂ ಹೊರಗೆ ಬರಲೇ ಇಲ್ಲ. ಆದರೆ ಕಾಯುವುದನ್ನು ನಮ್ಮೆಲ್ಲರಿಗೂ ಕಲಿಸಿದವಳು ಅವಳೇ.

ನಿಂತು ನೋಡುವ ಮಗು ಸುಮ್ನೆ ನಿಂತಿರುವುದಿಲ್ಲ, ಕೇಳುತ್ತಾ ಇರುತ್ತದೆ. ಜಿನೀವಾದಲ್ಲಿ ಎಮಿಲ್ ಜಾಕ್-ಡಾಲ್ಕ್ರೋಜ್ ಅಂತ ಒಬ್ಬ ಸಂಗೀತದ ಮೇಷ್ಟ್ರಿದ್ದರು. ವಾದ್ಯದಲ್ಲಿ ಕೈ ಚೆನ್ನಾಗಿ ಓಡುವ ವಿದ್ಯಾರ್ಥಿಗಳಿಗೂ ಲಯ ಮೈಗೆ ಹತ್ತಿಲ್ಲ ಅಂತ ಅವರಿಗೆ ಕಂಡಿತು. ಪಾಠ ಹೇಳುವುದು ಬಿಟ್ಟು ಅವರನ್ನು ತಾಳಕ್ಕೆ ನಡೆಸಿದರು. ಆ ಪದ್ಧತಿಗೆಂದೇ 1915ರಲ್ಲಿ ಅಲ್ಲಿ ಒಂದು ಸಂಸ್ಥೆ ಶುರುವಾಯಿತು. ನಮ್ಮ ಕಂಸಾಳೆಯವರೂ ಡೊಳ್ಳಿನವರೂ ಬಾರಿಸುವುದು ಬೇರೆ, ಕುಣಿಯುವುದು ಬೇರೆ ಅಂತ ಯಾವತ್ತೂ ಮಾಡಿದವರಲ್ಲ.

ಒಂದೇ ವಿಷಯ ಇಟ್ಟುಕೊಳ್ಳುವುದು ಒಳ್ಳೆಯದೇ. ನಾಲ್ಕು ವರ್ಷದ ಮಗುವಿಗೆ "ನಿಧಾನ ನಡಿ" ಅಂದರೆ ಹತ್ತುವುದಿಲ್ಲ. "ಕೆಸರಲ್ಲಿ ನಡಿ" ಅನ್ನಿ, ಕಾಲು ತಾನೇ ಭಾರ ಆಗುತ್ತದೆ. "ತಕಿಟ ತಕಿಟ" ಹೇಳಿ, ಪ್ರತಿ "ತ"ಕ್ಕೆ ಒಂದು ಕಪ್ಪೆ ಹಾರಲಿ. ಮೂರರ ಲೆಕ್ಕ ಕಾಲಿಗೆ ಬರುತ್ತದೆ, ಎಣಿಸುವುದೇ ಬೇಡ. ಆದರೆ ಮಳೆ ಅಂತ ಹೆಸರಿಟ್ಟು ದಿನಾ ಸಿನಿಮಾ ಹಾಡಿಗೆ ಸ್ಟೆಪ್ ಹೇಳಿಕೊಡುತ್ತಿದ್ದರೆ ಅದು ಬರೀ ಡಾನ್ಸ್ ಕ್ಲಾಸು. ನಿಮ್ಮ ಶಿಬಿರ ಯಾವುದು ಅಂತ ಒಂದು ದಿನ ಕೂತು ನೋಡಿ. ಸ್ಪೀಕರ್ ಸದ್ದಿಗೆ ಪಕ್ಕದವರ ಹತ್ತಿರ ಕೂಗಿ ಮಾತಾಡಬೇಕಾದರೆ ಕಡಿಮೆ ಮಾಡಲು ಹೇಳಿ. ಎಷ್ಟೋ ಮಕ್ಕಳು ಗೋಡೆ ಹಿಡಿಯುವುದು ಆ ಸದ್ದಿಗೆ ಹೆದರಿ.

ಇನ್ನು ಸ್ಟೇಜು. ಹಿಂದೊಮ್ಮೆ ಬೇರೆಯವರ ಶಿಬಿರಕ್ಕೆ ನಾನೂ ಹೋಗುತ್ತಿದ್ದೆ. ಹತ್ತರಲ್ಲಿ ಏಳು ದಿನ ಕೊನೇ ದಿನದ ಒಂದೇ ಹಾಡಿಗೆ ಹೋಯಿತು. ಮೂರು ವರ್ಷದ ಕೂಸು ನವಿಲಿನ ವೇಷದಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಸೊಂಟಕ್ಕೆ ಕಟ್ಟಿದ ಲಾಡಿ ಬಿಗಿಯಾಗಿ ಚರ್ಮ ಕೆಂಪಾಗಿತ್ತು. ಕೆಳಗಿನಿಂದ ಎಲ್ಲರೂ "ಕೈ ಎತ್ತು, ಕೈ ಎತ್ತು" ಅನ್ನುತ್ತಿದ್ದರು. ಆ ದಿನ ಅವಳನ್ನು ಎತ್ತಿಕೊಂಡು ಕೆಳಗಿಳಿಯಬೇಕಿತ್ತು ನಾನು. ಇಳಿಯಲಿಲ್ಲ. ನಿಮ್ಮ ಮಗ ಹತ್ತುತ್ತೇನೆ ಅಂದರೆ ಹತ್ತಲಿ, ಇಲ್ಲವಾದರೆ ನಿಮ್ಮ ತೊಡೆ ಮೇಲೆ ಕೂತು ನೋಡಲಿ. ಹೀಗಂತ ಇವತ್ತೇ ಶಿಬಿರದವರಿಗೆ ಹೇಳಿಬಿಡಿ.

ಪ್ರಶ್ನೆ: ಮೊಮ್ಮಗಳಿಗೆ ಐದು ವರ್ಷ. ನಮ್ಮದು ಸಂಗೀತದ ಮನೆ. ಮಗ ಅವಳನ್ನು ಕಾಡು ಪ್ರಾಣಿಗಳ ಹಾಡು, ಕುಣಿತದ ಶಿಬಿರಕ್ಕೆ ಸೇರಿಸುತ್ತೇನೆ ಅಂತಾನೆ. ಅದರ ಬದಲು ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಶುರು ಮಾಡಿಸುವುದು ಒಳ್ಳೆಯದಲ್ಲವೇ?
– ನಿವೃತ್ತ ಉಪಾಧ್ಯಾಯರು, ಮೈಸೂರು

ಉತ್ತರ: ರಾಯರೇ, ಪುರಂದರದಾಸರು ಹಾಕಿಕೊಟ್ಟ ಪಾಠ ಎಲ್ಲಿಗೂ ಓಡಿಹೋಗುವುದಿಲ್ಲ. ಈ ವಯಸ್ಸಿನ ಗಂಟಲು ಆರಾಮವಾಗಿ ಹಾಡುವುದು ಐದಾರು ಸ್ವರದೊಳಗೆ. ಮೇಲಿನ ಷಡ್ಜ, ಅಂದರೆ ಮೇಲಿನ "ಸ" ಬಂದ ಕೂಡಲೇ ಹೆಚ್ಚಿನ ಮಕ್ಕಳು ಹಾಡುವುದು ಬಿಟ್ಟು ಕಿರುಚುತ್ತಾರೆ. ಅವಳು ಆನೆಯಾಗಿ ನಡೆಯಲಿ, ಜಿಂಕೆಯಾಗಿ ಓಡಲಿ. ಸಂಜೆ ನೀವು ಕೂತು "ತಕಧಿಮಿ" ಹೇಳಿ, ಅವಳು ಆನೆಯ ಹೆಜ್ಜೆ ಹಾಕಲಿ. ದುಪ್ಪಟ್ಟು ವೇಗದಲ್ಲಿ ಹೇಳಿದರೆ ಅದೇ ಆನೆ ಜಿಂಕೆ ಆಗುತ್ತದೆ. ಎರಡು ಕಾಲ, ಅಂದರೆ ಎರಡು ವೇಗ ಅಂದರೆ ಏನು ಅಂತ ಅವಳಿಗೆ ಆಗಲೇ ಗೊತ್ತಾಯಿತಲ್ಲ. ಸ್ವಲ್ಪ ದೊಡ್ಡವಳಾದ ಮೇಲೆ ನಿಮ್ಮೂರಲ್ಲೇ ರಂಗಾಯಣ ನಾಟಕ ಸಂಸ್ಥೆಯವರ ಮಕ್ಕಳ ಬೇಸಿಗೆ ಶಿಬಿರ ಚಿಣ್ಣರ ಮೇಳ ಇದೆ, ಅಲ್ಲಿಗೂ ಕಳಿಸಿ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮಲ್ಲೂ ಇಂಥ ಒಂದು ವಾರ ಮಾಡುವ ಆಸೆ. ವಾದ್ಯ ಇಲ್ಲ, ದುಡ್ಡೂ ಇಲ್ಲ.
– ಕುಷ್ಟಗಿಯಿಂದ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಒಂದು ಮೊರ, ಎರಡು ಹಿಡಿ ಜೋಳ ತನ್ನಿ. ಮೊರವನ್ನು ನಿಧಾನಕ್ಕೆ ಆಚೆ ಈಚೆ ವಾಲಿಸಿ. ದೂರದಿಂದ ಮಳೆ ಬರುವ ಸದ್ದು ಅಷ್ಟು ಚೆನ್ನಾಗಿ ಬೇರೆ ಯಾವ ವಾದ್ಯದಲ್ಲೂ ಬರುವುದನ್ನು ನಾನು ಕೇಳಿಲ್ಲ. ಮಕ್ಕಳು ಕಣ್ಣು ಮುಚ್ಚಿ ಕೇಳಲಿ. ಸದ್ದು ನಿಂತ ಕ್ಷಣ ಇದ್ದಲ್ಲೇ ಕಲ್ಲಾಗಿ ನಿಲ್ಲಲಿ. ತೆಂಗಿನ ಕರಟ ಎರಡು ಬಡಿದರೆ ಕುದುರೆ. ರೊಟ್ಟಿ ಬಡಿಯುವ ತಾಳ ಮನೆಯಲ್ಲಿ ದಿನಾ ಕೇಳುವ ಮಕ್ಕಳು ಅವರು, ಕೈಯಲ್ಲಿ ಅದನ್ನೇ ಮಾಡಿಸಿ. ಅಜ್ಜಿಯರು ಬೀಸುವ ಪದ ಹಾಡುವವರಿದ್ದರೆ ಒಂದು ದಿನ ಕರೆಯಿರಿ.

ಬಿಸಿಲು ಏರುವ ಮೊದಲೇ ಮುಗಿಸಿ. ಅರ್ಧ ಗಂಟೆ ಆಟ, ಸ್ವಲ್ಪ ನೀರು, ಮತ್ತೆ ಕಾಲು ಗಂಟೆ. ಅಷ್ಟು ಸಾಕು. 3–4 ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಉಳಿದದ್ದು ಓಣಿಯಲ್ಲಿ ಆಗಲಿ. ಬರಿಗಾಲು ಇರಲಿ, ಕಾಲುಚೀಲ ಹಾಕಿದರೆ ಜಾರುತ್ತಾರೆ.

ಹುಣಸೆ ಬೀಜ ತುಂಬಿದ ಬಾಟಲಿಯನ್ನೂ ಗಿಲಕಿ ಮಾಡಬಹುದು. ಮುಚ್ಚಳಕ್ಕೆ ಅಂಟು ಹಾಕಿ, ಮೇಲೆ ಟೇಪ್ ಸುತ್ತಿ. ಪುಟ್ಟವರು ಬೀಜವನ್ನು ಬಾಯಿಗೂ ಮೂಗಿಗೂ ಹಾಕಿಕೊಳ್ಳುತ್ತಾರೆ. ಆಟ ಮುಗಿದ ಮೇಲೆ ಜೋಳದ ಕಾಳು ನೆಲದಲ್ಲಿ ಉಳಿಯದ ಹಾಗೆ ಗುಡಿಸಿ, ಬಾಟಲಿ ಎಣಿಸಿ ಮೇಲಿನ ಗೂಡಿನಲ್ಲಿಡಿ.