ದೊಡ್ಡ ನಗರ ಯಾವುದು ಎಂಬುದು ತಪ್ಪು ಪ್ರಶ್ನೆ

ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) 5, ಮಾಫಿಯಾ 2, ಸ್ಲೀಪಿಂಗ್ ಡಾಗ್ಸ್ ಈ ಮೂರು ವಿಡಿಯೊ ಗೇಮುಗಳಲ್ಲಿ ಯಾವುದರ ನಗರ ದೊಡ್ಡದು, ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ನಾನೂ ನಕ್ಷೆಯ ಅಗಲ ನೋಡಿಯೇ ಆಟ ಕೊಳ್ಳುತ್ತಿದ್ದವನು.

ಜಿಟಿಎ 5ರ ನಗರ ಲಾಸ್ ಸ್ಯಾಂಟೋಸ್‌ನಲ್ಲಿ ಮನಸೋ ಇಚ್ಛೆ ಅಲೆದ ಮೇಲೆ ಮಾಫಿಯಾ 2ಕ್ಕೆ ಕೈ ಹಾಕಿದೆ. ಕೆಟ್ಟದ್ದು ಅಲ್ಲಿಯೇ. ಜಿಟಿಎ 5ರಲ್ಲಿ ಪೊಲೀಸರ ಪಕ್ಕದಲ್ಲೇ ಎಷ್ಟು ವೇಗವಾಗಿ ಹೋದರೂ ಅವರು ತಿರುಗಿ ನೋಡುವುದಿಲ್ಲ. ಮಾಫಿಯಾ 2ರಲ್ಲಿ ವೇಗದ ಮಿತಿ ಮೀರಿದರೆ ಬೆನ್ನು ಹತ್ತುತ್ತಾರೆ. ಅಪರಾಧ ಕಂಡರೆ ಕಾರಿನ ನಂಬರ್ ಗುರುತಿಟ್ಟುಕೊಳ್ಳುತ್ತಾರೆ. ಗ್ಯಾರೇಜಿನಲ್ಲಿ ನಂಬರ್ ಪ್ಲೇಟ್ ಬದಲಿಸಬೇಕು. ಮುಖ ಗುರುತಾಗಿದ್ದರೆ ಬಟ್ಟೆ ಬದಲಿಸಬೇಕು, ಇಲ್ಲವೇ ಟೆಲಿಫೋನ್ ಬೂತಿನಿಂದ ಲಂಚ ಕೊಟ್ಟು ಪ್ರಕರಣ ಮುಚ್ಚಿಸಬೇಕು. ಇದಾವುದನ್ನೂ ಗಮನಿಸದೆ, 1945ರ ಚಳಿಗಾಲದ ಹಿಮ ಮೆತ್ತಿದ ರಸ್ತೆಯಲ್ಲಿ ಆ ಕಾಲದ ಭಾರದ ಕಾರುಗಳನ್ನು ಅಡ್ಡಾದಿಡ್ಡಿ ಓಡಿಸಿ, ಸಿಕ್ಕಿಬಿದ್ದು, ಆಟವನ್ನೇ ಬೈದೆ. ಕಥೆಯನ್ನು ಬದಿಗಿಟ್ಟು ಬೀದಿ ಬೀದಿ ತಿರುಗಿ ಉಪಕಾರ್ಯಗಳನ್ನು, ಅಂದರೆ ಕಥೆಯ ಹೊರಗಿನ ಚಿಕ್ಕಪುಟ್ಟ ಕೆಲಸಗಳನ್ನು, ಹುಡುಕಿದೆ. ಅಲ್ಲಿ ಅವು ಹೆಚ್ಚುಕಡಿಮೆ ಇಲ್ಲವೇ ಇಲ್ಲ! ಮಾಫಿಯಾ 2ರ ಎಂಪೈರ್ ಬೇ ನಗರ ಇರುವುದು ನಾಯಕ ವೀಟೋ ಸ್ಕಲೆಟ್ಟಾನ ಕಥೆಗೆ ಹಿನ್ನೆಲೆಯಾಗಿ. ನಮ್ಮ ಪುಂಡಾಟಕ್ಕೆ ಮೈದಾನವಾಗಿ ಅಲ್ಲ. 'ಖಾಲಿ ಆಟ' ಎಂದು ತೀರ್ಪು ಕೊಟ್ಟು ಅರ್ಧಕ್ಕೇ ಬಿಟ್ಟೆ. ಕಥೆ ಬಿಗಿಯಾಗುವುದೇ 1951ರ ಭಾಗದಲ್ಲಿ. ಅಷ್ಟರೊಳಗೆ ಅದರ ತಿರುವುಗಳನ್ನೆಲ್ಲ ಬೇರೆಯವರ ಬಾಯಿಂದ ಕೇಳಿಬಿಟ್ಟಿದ್ದೆ. ಆ ಕಥೆಯನ್ನು ಮೊದಲ ಸಲ ಆಡುವ ಅವಕಾಶ ಮತ್ತೆ ಸಿಗಲಿಲ್ಲ.

ಆದ್ದರಿಂದ ಅಳತೆಯನ್ನು ಬಿಡಿ, ಆಟ ನಿಮ್ಮಿಂದ ಯಾವ ಬಗೆಯ ನಡತೆ ಬಯಸುತ್ತದೆ ನೋಡಿ. ನನ್ನ ಮತ ಸ್ಲೀಪಿಂಗ್ ಡಾಗ್ಸ್‌ಗೆ. 2012ರ ಆಟ, ಹಾಂಗ್‌ಕಾಂಗ್ ನಗರ, ಜಿಟಿಎ 5ರದಕ್ಕಿಂತ ಎಷ್ಟೋ ಚಿಕ್ಕದು. ನಾಯಕ ವೇ ಶೆನ್ ಗ್ಯಾಂಗಿನೊಳಗೆ ವೇಷ ಮರೆಸಿಕೊಂಡಿರುವ ಪೊಲೀಸ್. ಗ್ಯಾಂಗಿನ ಕೆಲಸಕ್ಕೊಂದು ಅಂಕ, ಪೊಲೀಸ್ ಕೆಲಸಕ್ಕೊಂದು ಅಂಕ ಸಿಗುತ್ತದೆ. ಕಾರ್ಯಾಚರಣೆಯ ನಡುವೆ ದಾರಿಹೋಕರಿಗೆ ಗುದ್ದಿದರೆ ಪೊಲೀಸ್ ಅಂಕ ಕರಗುತ್ತದೆ. ಬಂದೂಕು ಅಪರೂಪ, ಕೈಕಾಲುಗಳೇ ಆಯುಧ. ಅವನ ಇಬ್ಬಂದಿತನ ನಿಮ್ಮ ಬೆರಳಿಗೂ ಅಂಟಿಕೊಳ್ಳುತ್ತದೆ. ಜಿಟಿಎ 5ರಲ್ಲಿ ಮೂವರು ನಾಯಕರಿದ್ದೂ ನನಗೆ ಅಂಥದ್ದು ಸಿಗಲಿಲ್ಲ.

ಗೊತ್ತುಗುರಿಯಿಲ್ಲದೆ ಅಲೆಯುವುದೇ ನಿಮ್ಮ ಆಸೆಯಾದರೆ ಜಿಟಿಎ 5 ಕೊಳ್ಳಿ, ತಕರಾರಿಲ್ಲ. ಅದರ ಬೆನ್ನಿಗೇ ಮಾಫಿಯಾ 2 ಮಾತ್ರ ಆಡಬೇಡಿ.